ಅಂಬಲಿಯ ಹಗ್ಗ

ನಿಂತ ತಿಂಗಳ ಮೂವತ್ನಾಲ್ಕನೆಯ ದಿನ,
ಗುಣಿ ತುಂಬಿದ ಮೇಲಿನ ನೂರಾ ಹದಿನೇಳನೆಯ ವರ್ಷ,
ಮೂರನೆಯ ಮೆಟ್ಟಿಲು, ಕೆಂಗುಣಿ.

ಹಿಂದಿನವರೇ,

ಇಂಥದೊಂದು ತಾರೀಖು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಇಲ್ಲವೆಂದು ನನಗೆ ಗೊತ್ತು. ತಿಂಗಳಿಗೆ ಮೂವತ್ನಾಲ್ಕು ದಿನ ಎಲ್ಲಿಂದ ಬಂದವು ಎಂದು ನಗಬೇಡಿ. ನಿಮ್ಮ ಹನ್ನೆರಡು ತಿಂಗಳುಗಳು ಮಳೆ ತನ್ನ ಸರದಿ ತಪ್ಪದೆ ಬರುತ್ತಿದ್ದ ಕಾಲದವು. ಮಳೆ ತನ್ನ ಸರದಿ ಮರೆತ ಮೇಲೆ ನಮ್ಮ ಮುತ್ತಜ್ಜಿಯರು ಹದಿಮೂರನೆಯದೊಂದನ್ನು ಸೇರಿಸಿಕೊಂಡರು. ಬಿದ್ದ ನೀರು ಹರಿಯದೆ, ಇಂಗದೆ, ಸುಮ್ಮನೆ ಹಸಿರುಗಟ್ಟಿ ನಿಲ್ಲುವ ಕಾಲ ಅದು. ನೀರು ಎಷ್ಟು ದಿನ ನಿಲ್ಲುತ್ತದೋ ಅಷ್ಟು ದಿನ ಆ ತಿಂಗಳು. ಅದಕ್ಕೇ ನಿಂತ ತಿಂಗಳು ಎನ್ನುತ್ತೇವೆ. ಹೋದ ಸಲ ಅದು ಮುಗಿಯಿತು ಎಂದು ಯಾರೂ ಡಂಗುರ ಸಾರಲಿಲ್ಲ. ಮುಗಿಯುವಷ್ಟರಲ್ಲಿ ಈ ಸಲದ್ದು ಶುರುವಾಗಿತ್ತು.

ನನ್ನ ಕೆಲವು ಪದಗಳು ನಿಮ್ಮ ಕಿವಿಗೆ ಒಗರಾಗಿ ಕೇಳಿಸಿದರೆ ಕ್ಷಮಿಸಿ. ನೀವು ಬಿಟ್ಟುಹೋದ ಭಾಷೆಯಲ್ಲಿ ನೀವು ಬಿಟ್ಟುಹೋದ ಜಗತ್ತಿಗೆ ಹೆಸರುಗಳಿರಲಿಲ್ಲ, ನಾವೇ ಮಾಡಿಕೊಂಡೆವು. ಈ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಎಲ್ಲ ಕೆಡುವುದಕ್ಕಿಂತ ಮುಂಚೆ ಬದುಕಿದ್ದವರಿಗೆ ಬರೆಯುವ ಓಲೆ. ಬರೆದಾದ ಮೇಲೆ ಮೆಟ್ಟಿಲ ಅಂಚಿನಲ್ಲಿ ನಿಂತು ಜೋರಾಗಿ ಓದಿ ಕೆಂಪು ನೀರಿಗೆ ಬಿಡುತ್ತೇವೆ. ಅದು ತಲುಪುತ್ತದೆ ಎಂಬ ಹುಚ್ಚು ನನಗಿಲ್ಲ. ಆದರೆ ಬೈಯುವುದಕ್ಕೆ ಎದುರಿಗೆ ಒಬ್ಬರು ಬೇಕಲ್ಲ? ಹೆಚ್ಚಿನವರು ತಮ್ಮ ಹಿಂದೋಲೆಯಲ್ಲಿ ನಿಮ್ಮನ್ನು ಬೆಟ್ಟ ತಿಂದವರೆಂದು ಬೈಯುತ್ತಾರೆ. ನಾನು ಇವತ್ತು ಬರೆಯುತ್ತಿರುವುದು ಒಂದು ನಾಯಿಯ ವಿಚಾರ. ಬಣ್ಣ ಜೋಳದ ಅಂಬಲಿಯಂತಿತ್ತು, ಅದಕ್ಕೇ ಅವಳ ಹೆಸರು ಅಂಬಲಿ. ನಾಯಿಗಾಗಿ ಇಷ್ಟು ದೊಡ್ಡ ಕಾಗದವೇ ಎಂದು ಮೂಗು ಮುರಿಯುವವರು ಇಲ್ಲಿಗೇ ನಿಲ್ಲಿಸಬಹುದು. ನಿಮ್ಮಂಥವರು ಇದ್ದದ್ದರಿಂದಲೇ ನಾವು ಹೀಗಿದ್ದೇವೆ.

ಮೊದಲು ಊರು ಹೇಗಿದೆ ಎಂದು ಹೇಳಿಬಿಡುತ್ತೇನೆ. ನಿಮ್ಮ ಕಾಲದಲ್ಲಿ ಇಲ್ಲೊಂದು ಕಬ್ಬಿಣದ ಬೆಟ್ಟ ಇತ್ತಂತೆ. ಅದನ್ನು ಲಾರಿಗಳಲ್ಲಿ ತುಂಬಿ ಸಮುದ್ರದಾಚೆಗೆ ಕಳಿಸಿದಿರಂತೆ. ಬೆಟ್ಟದ ಎತ್ತರ ಎಷ್ಟಿತ್ತೋ ಅಷ್ಟೇ ಆಳದ ಗುಣಿ ನಮ್ಮ ಪಾಲಿಗೆ ಉಳಿಯಿತು. ಗುಣಿಯ ಗೋಡೆಯನ್ನು ನಿಮ್ಮ ಯಂತ್ರಗಳು ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದವು, ಒಂದೊಂದು ಮೆಟ್ಟಿಲೂ ಒಂದು ಓಣಿಯಷ್ಟು ಅಗಲ. ತಳದಲ್ಲಿ ರಕ್ತದ ಬಣ್ಣದ ನೀರು. ಆ ಮೆಟ್ಟಿಲುಗಳ ಮೇಲೆ ನಾವಿದ್ದೇವೆ. ಗುಣಿಯ ಬಾಯಿಯ ಸುತ್ತ, ಮೇಲೆ, ಗಟ್ಟಿ ನೆಲದಲ್ಲಿ ಮೇಲ್ದಂಡೆಯವರಿದ್ದಾರೆ. ಅವರಿಗೆ ಜಾಲರಿ ಹಾಕಿದ ಮನೆ, ಗಾಳಿಯಂತ್ರ, ನೆಲದೊಳಗೆ ಹೂತಿಟ್ಟ ನೆಲಗಿವಿ. ನೆಲಗಿವಿ ಎಂದರೆ ಮಣ್ಣು ಜಾರುವ ಮುಂಚೆ ಕೂಗಿಕೊಳ್ಳುವ ಸಲಕರಣೆ. ಜಾರುವುದು ನಮ್ಮ ಮಣ್ಣು, ಕೂಗುವುದು ಅವರ ಅಂಗಳದಲ್ಲಿ. ನಮಗೂ ಕೊಡಿ ಎಂದು ಎಷ್ಟು ಧರಣಿ ಕೂತೆವೋ! ಕೊನೆಗೆ ನಮ್ಮ ನೆಲಗಿವಿಗಳನ್ನು ನಾವೇ ಸಾಕಿಕೊಂಡೆವು. ಅವಕ್ಕೆ ನಾಲ್ಕು ಕಾಲು, ಒಂದು ಬಾಲ.

ಅವು ಯಾವುವು ಗೊತ್ತೇ? ನೀವು ಕಲ್ಲು ಬೀರಿ ಓಡಿಸುತ್ತಿದ್ದ ಓಣಿ ನಾಯಿಗಳ ಮರಿಮಕ್ಕಳು. ಮೇಲಿನ ಗೋಡೆಯಲ್ಲಿ ಮಣ್ಣು ಒಳಗೊಳಗೇ ಸಡಿಲವಾದರೆ ನಮಗೆ ತಿಳಿಯುವುದಕ್ಕಿಂತ ಎಷ್ಟೋ ಮುಂಚೆ ಅವಕ್ಕೆ ತಿಳಿಯುತ್ತದೆ. ಮುಂಗಾಲು ಎತ್ತಿ ನಿಂತು, ಗಂಟಲಲ್ಲೇ ಒಂದು ಸಣ್ಣ ನರಳಾಟ. ಅಷ್ಟು ಕೇಳಿದರೆ ಸಾಕು, ಒಲೆಯ ಮೇಲಿನ ಗಡಿಗೆಯನ್ನು ಒಲೆಯ ಮೇಲೇ ಬಿಟ್ಟು ಓಡುತ್ತಿದ್ದೆವು. ಓಡುವುದಕ್ಕೆ ಅಡ್ಡಿಯಾಗಬಾರದೆಂದು ನಮ್ಮ ಗುಡಿಸಲುಗಳಿಗೆ ಬಾಗಿಲೂ ಇಲ್ಲ, ಪರದೆ ಅಷ್ಟೇ. ನಾಲ್ಕನೆಯ ಮೆಟ್ಟಿಲು ಜಾರಿದ ದಿನ ಅಂಬಲಿ ಆಗಷ್ಟೇ ಹಾಲು ಬಿಟ್ಟ ಮರಿ. ಆಗ ಅಲ್ಲೇ ಇರುತ್ತಿದ್ದ ಸುಂಕವ್ವಳ ಸೀರೆಯ ಸೆರಗು ಕಚ್ಚಿ ಎಳೆದು ಹೊರಗೆ ತಂದಳು. ಸುಂಕವ್ವ ಎಂದರೆ ನಮ್ಮ ಮೆಟ್ಟಿಲ ಅಂಚು ಕಾಯುವವಳು, ಬೆಳಗಾಗೆದ್ದು ಅಂಚಿನುದ್ದಕ್ಕೂ ನಡೆದು ಬಿರುಕು ನೋಡುವುದು ಅವಳ ಪಾಲಿನ ಕೆಲಸ. ಅವಳ ಗಂಡ ಗಾಳೆಪ್ಪ ಮಣ್ಣಿನಡಿ ಹೋದ. ಆ ಮರಿ ಅವನಿದ್ದ ಜಾಗವನ್ನು ಉಗುರು ಕಿತ್ತು ರಕ್ತ ಬರುವ ತನಕ ಕೆರೆಯಿತು. ಅಲ್ಲಿಂದಾಚೆ ಅವರಿಬ್ಬರೂ ಒಂದೇ ತಾಟಿನಲ್ಲಿ ಉಂಡರು.

ಈಗ ಹಗ್ಗದ ಮಾತು. ಇದು ತಿಳಿಯದಿದ್ದರೆ ಮುಂದಿನದು ನಿಮಗೆ ಬರೀ ಮೂರ್ಖತನವಾಗಿ ಕಾಣುತ್ತದೆ. ನೆರೆ ಬಂದು ಊರುಗಳು ಮುಳುಗಿದ ವರ್ಷಗಳಲ್ಲಿ ನಮ್ಮ ಹಿರಿಯರು ಒಂದು ಹಿಡಿ ಕೂಳಿಗೆ, ಕಾಲೂರಲು ಒಣ ನೆಲಕ್ಕೆ ತಮ್ಮ ಮೈಯನ್ನೇ ಮೇಲ್ದಂಡೆಯವರಿಗೆ ಒತ್ತೆ ಇಟ್ಟಿದ್ದರು. ಸಂಜೆ ಕೆಲಸ ಮುಗಿದ ಮೇಲೆ ಓಡಿಹೋಗಬಾರದೆಂದು ಅವರ ಸೊಂಟಕ್ಕೆ ಹಗ್ಗ ಕಟ್ಟಿ ಸಾಲಾಗಿ ಗೂಟಕ್ಕೆ ಬಿಗಿಯುತ್ತಿದ್ದರು. ಆ ಕಡೆ ಎಮ್ಮೆ, ಈ ಕಡೆ ಮನುಷ್ಯರು. ಒಂದು ದಿನ ಅವರು ಹಗ್ಗಗಳನ್ನು ರಾಶಿ ಹಾಕಿ ಸುಟ್ಟು, ಯಾರಿಗೂ ಬೇಡವಾಗಿದ್ದ ಈ ಗುಣಿಗೆ ಇಳಿದು ಬಂದರು. ಬಂದವರು ಮಾಡಿದ ಮೊದಲ ಕಟ್ಟಳೆ: ಕೆಂಗುಣಿಯಲ್ಲಿ ಯಾವ ಜೀವದ ಕೊರಳಿಗೂ ಸೊಂಟಕ್ಕೂ ಏನೂ ಬೀಳಕೂಡದು. ನಮ್ಮ ಹೆಂಗಸರು ತಾಳಿ ಕಟ್ಟಿಸಿಕೊಳ್ಳುವುದಿಲ್ಲ. ಕೂಸುಗಳಿಗೆ ಉಡಿದಾರ ಇಲ್ಲ. ಆಡುಗಳು ಬೇಕಾದಲ್ಲಿ ಮೇಯುತ್ತವೆ, ಪಕ್ಕದ ಮನೆಯ ಪಲ್ಲೆಯನ್ನೂ ಮೇಯುತ್ತವೆ, ಅದಕ್ಕೆ ಜಗಳವೂ ಆಗುತ್ತದೆ, ಕಟ್ಟಿಹಾಕಿ ಎಂದು ಮಾತ್ರ ಯಾರೂ ಅನ್ನುವುದಿಲ್ಲ. ಕೊಡ ಇಳಿಸುವ ಹಗ್ಗವನ್ನೂ ಹಗ್ಗ ಎನ್ನದೆ ನೀರುಬಳ್ಳಿ ಎನ್ನುತ್ತೇವೆ. ವರ್ಷಕ್ಕೊಮ್ಮೆ ಹಗ್ಗ ಸುಡುವ ದಿನ. ಹಲಗೆ ಬಡಿದು ಹಾಡಿ ಕುಣಿದು, ಹಳೆಯ ನಾರಿನ ಹುರಿಯೊಂದನ್ನು ಬೆಂಕಿಗೆ ಹಾಕುತ್ತೇವೆ. ನಾನು ಆ ಹಲಗೆಯ ಸದ್ದಿನಲ್ಲೇ ಬೆಳೆದವಳು, ಹಗ್ಗ ಸುಟ್ಟವರು ಕಟ್ಟಿದ ಸಂಘದ ಮಗಳು. ಆ ಕಟ್ಟಳೆಯ ಒಂದಕ್ಷರವನ್ನೂ ನಾನು ಗೇಲಿ ಮಾಡುವುದಿಲ್ಲ. ಅದಿಲ್ಲದಿದ್ದರೆ ಇವತ್ತಿಗೂ ಗೂಟದಲ್ಲಿರುತ್ತಿದ್ದೆವು.

ಸೊಳ್ಳೆಗೆ ಇದ್ಯಾವುದೂ ಗೊತ್ತಿಲ್ಲ.

ನಮ್ಮಲ್ಲಿ ಹೊತ್ತು ಇಳಿಯುವುದಕ್ಕೆ ಪರದೆಹೊತ್ತು ಎಂದು ಹೆಸರು. ಆಗ ಮೂರನೆಯ ಮೆಟ್ಟಿಲಿನಲ್ಲಿ ಎಲ್ಲ ಕೆಲಸ ನಿಲ್ಲುತ್ತಿತ್ತು. ಎಲ್ಲರೂ ತಂತಮ್ಮ ನಾಯಿಗಳನ್ನು ಕೂಗಿ ಒಳಗೆ ಕರೆದುಕೊಳ್ಳುವರು. ಬೇವಿನೆಣ್ಣೆಯನ್ನು ಕೈಗೆ ಸವರಿಕೊಂಡು ಅವುಗಳ ಬೆನ್ನಿಗೆ ತೀಡುವರು. ಹಳೆಯ ಸೀರೆ, ಈರುಳ್ಳಿ ಚೀಲ, ಮೀನಿನ ಬಲೆ, ಸಿಕ್ಕಿದ್ದನ್ನೆಲ್ಲ ಹೊಲಿದು ಮಾಡಿದ ಪರದೆಯೊಳಗೆ ಮೊದಲು ನಾಯಿ, ಜಾಗ ಉಳಿದರೆ ಮನುಷ್ಯರು. ತೆಂಗಿನ ಚಿಪ್ಪು, ಒಡೆದ ಗಡಿಗೆ, ಹಳೆಯ ಡಬ್ಬಿ, ನೀರು ನಿಂತ ಕಡೆಯೆಲ್ಲ ಹೆಂಗಸರು ಸೊಂಟ ಬಗ್ಗಿಸಿ ಬೋರಲು ಹಾಕುತ್ತ ಬರುವರು, ತೊಟ್ಟಿಗಳಿಗೆ ಸಣ್ಣ ಮೀನು ಬಿಡುವರು. ಸರಿ, ಚಿಪ್ಪು ಬೋರಲು ಹಾಕಬಹುದು. ಒಂದು ಬೆಟ್ಟದಷ್ಟು ಅಗಲದ ಕೆಂಪು ಗುಣಿಯನ್ನು ಬೋರಲು ಹಾಕುವವರು ಯಾರು? ನೀವೇ ಬಂದು ಹಾಕಿಕೊಡಿ. ಎಣ್ಣೆ ಬೆವರಿಗೆ ಹೋಗುತ್ತಿತ್ತು. ಪರದೆ ಹರಿಯುತ್ತಿತ್ತು. ಸೊಳ್ಳೆಗೆಂದು ಹಾಕಿದ ಹೊಗೆ ನಮ್ಮ ಕಣ್ಣನ್ನೇ ತಿನ್ನುತ್ತಿತ್ತು. ಇವೆಲ್ಲ ಕಡಿತ ಕಮ್ಮಿ ಮಾಡುತ್ತವೆ, ಕಡಿತವೇ ಇಲ್ಲದಂತೆ ಮಾಡಲಾರವು. ಎದೆಹುಳಕ್ಕೆ ಒಂದು ಕಡಿತ ಸಾಕು.

ಎದೆಹುಳ ಎಂಬುದನ್ನು ನಿಮ್ಮ ದನದ ಡಾಕ್ಟರುಗಳು ಹಾರ್ಟ್‌ವರ್ಮ್ ಎನ್ನುತ್ತಿದ್ದರು. ಹುಳವಿರುವ ನಾಯಿಯ ರಕ್ತವನ್ನು ಸೊಳ್ಳೆ ಕುಡಿಯುತ್ತದೆ, ರಕ್ತದ ಜೊತೆ ಕಣ್ಣಿಗೆ ಕಾಣದ ಹುಳದ ಮರಿಗಳೂ ಬರುತ್ತವೆ. ಅವು ಸೊಳ್ಳೆಯ ಹೊಟ್ಟೆಯಲ್ಲಿ ಬಲಿತು, ಅದು ಇನ್ನೊಂದು ನಾಯಿಗೆ ಕಚ್ಚಿದಾಗ ಅದರ ಮೈಗೆ ಇಳಿಯುತ್ತವೆ. ಅರ್ಧ ವರ್ಷ ಏನೂ ಗೊತ್ತಾಗುವುದಿಲ್ಲ. ನಾಯಿ ಉಣ್ಣುತ್ತದೆ, ಆಡುತ್ತದೆ, ಬಾಲ ಬಡಿಯುತ್ತದೆ. ಆಮೇಲೆ ಒಣಕೆಮ್ಮು. ಆಮೇಲೆ ಎರಡು ಮೆಟ್ಟಿಲು ಹತ್ತಿದರೆ ತೇಕು. ಹೊಟ್ಟೆ ಊದುತ್ತದೆ, ಪಕ್ಕೆಲುಬು ಏಳುತ್ತವೆ. ಮೊದಲು ಸತ್ತ ನಾಯಿಯನ್ನು ಯಾಕೆ ಸತ್ತಿತು ಎಂದು ನೋಡಲು ಕೊಯ್ದೆವು. ಹೃದಯದ ತುಂಬ ಬೇಯಿಸಿದ ಶ್ಯಾವಿಗೆ ತುರುಕಿದ ಹಾಗೆ ಹುಳಗಳು, ಗೇಣಿಗಿಂತ ಉದ್ದ. ಅವತ್ತಿನಿಂದ ಕೆಂಗುಣಿಯಲ್ಲಿ ಯಾರ ಮನೆಯಲ್ಲೂ ಶ್ಯಾವಿಗೆ ಹೊಸೆದಿಲ್ಲ.

ಇದನ್ನು ತಡೆಯಲು ಒಂದು ಗುಳಿಗೆ ಇದೆ. ಇದೆ ಎಂಬುದೇ ನನ್ನ ಸಂಕಟ. ತಿಂಗಳಿಗೊಂದು ತಿನ್ನಿಸಿದರೆ ಹಿಂದಿನ ತಿಂಗಳು ಮೈಗೆ ಇಳಿದ ಮರಿಹುಳಗಳು ಬಲಿಯುವುದಕ್ಕೆ ಮುಂಚೆಯೇ ಸಾಯುತ್ತವೆ. ಅಷ್ಟೇ. ಮೇಲ್ದಂಡೆಯ ನಾಯಿಗಳು ಅದನ್ನು ಬೆಲ್ಲದ ಉಂಡೆಯಲ್ಲಿ ತಿನ್ನುತ್ತವೆ. ನಮ್ಮ ಸುಂಕವ್ವ ಅಲ್ಲಿಯ ಔಷಧಿಮನೆಯ ಬಾಗಿಲಿಗೆ ಅಂಬಲಿಯನ್ನು ಕರೆದುಕೊಂಡು ಹೋದಳು. ಜೊತೆಗೆ ನಾನೂ ಇದ್ದೆ. ಬಾಗಿಲಲ್ಲಿ ಕೂತವನು ನಾಯಿಯ ಮುಖವನ್ನೂ ನೋಡಲಿಲ್ಲ, ಕೊರಳು ನೋಡಿದ.

"ಪಟ್ಟಿ ಎಲ್ಲೈತಿ?"

"ಪಟ್ಟಿ ಇಲ್ಲ. ನಾವು ಕಟ್ಟಂಗಿಲ್ಲ," ಎಂದಳು ಸುಂಕವ್ವ.

"ಕೊಳ್ಳಾಗ ಪಟ್ಟಿ ಇಲ್ಲಂದ್ರ ಬೀದಿ ನಾಯಿ. ಬೀದಿ ನಾಯಿಗೆ ಗುಳಿಗಿ ಇಲ್ಲ. ಒಡೆಯ ಯಾರಂತ ಬರೆಸಿ ಪಟ್ಟಿ ಕಟ್ಟಿಸ್ಕೊಂಡು ಬಾ, ಕೊಡ್ತೀನಿ."

"ಹಂಗಾರ ಸೊಳ್ಳಿಗೂ ಒಂದು ಮಾತು ಹೇಳಪಾ, ಪಟ್ಟಿ ಇಲ್ಲದ್ದನ್ನ ಕಡೀಬ್ಯಾಡ ಅಂತ. ಅದು ನಮ್ಮ ನಾಯಿ ರಕ್ತ ಕುಡಿದು ನಿಮ್ಮ ನಾಯಿ ಕಡೆಗೇ ಹಾರಿ ಬರೋದು."

ಅವನಿಗೆ ಸಿಟ್ಟು ಬಂತು, ಗುಳಿಗೆ ಬರಲಿಲ್ಲ.

ಪಟ್ಟಿಯ ಮಾತು ಸಭೆಗೆ ಬಂತು. ನಮ್ಮ ಹಲಗೆಯ ಹಿರಿಯ ಹೊನ್ನೂರಪ್ಪ ಎದ್ದು ನಿಂತ. ಒಳ್ಳೆಯವನು. ಅವನ ಅಜ್ಜನ ಸೊಂಟದ ಸುತ್ತ ಹಗ್ಗ ತಿಂದ ಕಪ್ಪು ಗೆರೆ ಸಾಯುವ ತನಕ ಇತ್ತು, ಅದನ್ನು ಮುಟ್ಟಿ ಬೆಳೆದ ಕೈ ಅವನದು. "ಇವತ್ತ ನಾಯಿ ಕೊಳ್ಳಿಗೆ ಪಟ್ಟಿ, ಒಡೆಯ ಯಾರು ಬರೀರಿ ಅಂತಾರ. ನಾಳೆ ನಿಮ್ಮ ಕೂಸಿನ ಕೊಳ್ಳಿಗೆ ಪಟ್ಟಿ, ಒಡೆಯ ನಾವೇ ಅಂತಾರ. ಕಟ್ಟಿಸ್ಕೊತೀರೇನು?" ಎಂದ. ಇಡೀ ಮೆಟ್ಟಿಲು ಚಪ್ಪಾಳೆ ತಟ್ಟಿತು. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದನ್ನು ಕೊನೆಗೆ ಹೇಳುತ್ತೇನೆ. ನಾವು ಪಟ್ಟಿ ಇಲ್ಲದೆ ಗುಳಿಗೆ ಕೊಡಿ ಎಂದು ಔಷಧಿಮನೆಯ ಮುಂದೆ ಕೂತೆವು. ನೀರು ಚೆಲ್ಲಿ ಎಬ್ಬಿಸಿದರು, ಮತ್ತೆ ಕೂತೆವು. ನಾವು ಕೂತಿದ್ದಷ್ಟು ಕಾಲವೂ ಸೊಳ್ಳೆ ತನ್ನ ಕೆಲಸ ಮಾಡಿಕೊಂಡೇ ಇತ್ತು. ನಾವು ನ್ಯಾಯ ಕೇಳುತ್ತಿದ್ದೇವೆ, ಗೆಲ್ಲುವ ತನಕ ಸ್ವಲ್ಪ ತಡೆ ಎಂದು ಅದಕ್ಕೆ ಯಾರು ಹೇಳಬೇಕು? ಧರಣಿ ಮುಗಿಯುವ ಹೊತ್ತಿಗೆ ಮೂರನೆಯ ಮೆಟ್ಟಿಲಿನಲ್ಲಿ ನಾಯಿಗಳ ಕೆಮ್ಮು ಕೇಳಿಸದ ಗುಡಿಸಲು ಇರಲಿಲ್ಲ.

ಜುಲೇಖಾ ಬಂದದ್ದು ಆಗ. ಕೆಳಹೊಳೆಯ ಕಡೆಯ ಪ್ರಾಣಿವೈದ್ಯೆ, ದೋಣಿಯಲ್ಲಿ ಊರೂರು ತಿರುಗುವವಳು. ಮೇಲ್ದಂಡೆಯವರ ಅಪ್ಪಣೆ ಕೇಳದೆ ನಮ್ಮಲ್ಲಿಗೆ ಇಳಿದಳು. ಎದೆಗೆ ಕಿವಿಕೊಳವೆ ಇಟ್ಟು, ಒಂದೊಂದು ತೊಟ್ಟು ರಕ್ತ ತೆಗೆದು ನೋಡಿ, ಒಂದೊಂದು ನಾಯಿಗೂ ತಲೆ ಅಲ್ಲಾಡಿಸುತ್ತ ಬಂದಳು. ಬಲಿತ ಹುಳ ಕೊಲ್ಲುವ ಸೂಜಿಮದ್ದು ಅವಳ ಹತ್ತಿರ ಇದ್ದದ್ದು ಒಂದು ನಾಯಿಗೆ ಸಾಲುವಷ್ಟು. ಬೇರೆಯವಕ್ಕೆ ರೋಗ ಬಲಿತಿತ್ತು, ಅಂಬಲಿಯದು ಇನ್ನೂ ಹಿಡಿತದಲ್ಲಿತ್ತು. ಮಣ್ಣಿನ ಸದ್ದು ಕೇಳುವುದರಲ್ಲೂ ಅಂಬಲಿಗೆ ಸಮ ಯಾರೂ ಇರಲಿಲ್ಲ. ತಂತಮ್ಮ ನಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವರೇ "ಅಂಬಲಿಗೆ ಹಾಕ್ರಿ" ಎಂದರು. ಹಾಗೆ ಅಂದವರ ಮುಖಗಳನ್ನು ನಾನು ಇಲ್ಲಿ ಬರೆಯಲಾರೆ.

ಸೂಜಿ ಹಾಕಿ ಜುಲೇಖಾ ಹೇಳಿದ ಮಾತು ಇಷ್ಟು: "ಕೇಳ್ರಿ ಎಲ್ಲರೂ. ಮದ್ದು ಹುಳಾನ ಕೊಲ್ತೈತಿ. ಸತ್ತ ಹುಳ ಎಲ್ಲಿಗೆ ಹೋಗಬೇಕು? ತುಂಡು ತುಂಡಾಗಿ ಪುಪ್ಪುಸಕ್ಕ ಹೋಗ್ತಾವ, ಮೈ ಅವನ್ನ ನಿಧಾನಕ್ಕ ಕರಗಿಸ್ಕೊಬೇಕು. ಅದು ತಿಂಗಳುಗಟ್ಟಲೆ ಕೆಲಸ. ಅಲ್ಲೀತನಕ ಇಕಿ ಓಡಬಾರದು, ಜಿಗೀಬಾರದು, ಖುಷಿಗೂ ಕುಣೀಬಾರದು. ಓಡಿದ್ಳಂದ್ರ ಅಷ್ಟೂ ತುಂಡು ಒಮ್ಮೆಲೇ ಹೋಗಿ ಪುಪ್ಪುಸದಾಗ ಸಿಕ್ಕೊತಾವ. ಮುಂದ ನನ್ನ ಕರೀಬ್ಯಾಡ್ರಿ, ಗುದ್ದಲಿ ತಗೊಳ್ರಿ. ಇಕಿ ಚಂದ ಕಾಣಾಕ ಶುರು ಮಾಡಿದಾಗ ಇನ್ನೂ ಹುಷಾರಿರಬೇಕು. ಒಳಗ ಕೂಡಿ ಹಾಕ್ರಿ." ಆಮೇಲೆ ಸುತ್ತ ನೋಡಿದಳು. ಒಂದು ಗುಡಿಸಲಿಗೂ ಬಾಗಿಲಿರಲಿಲ್ಲ. "ಇಲ್ಲಾಂದ್ರ ಕಟ್ಟಿ ಹಾಕ್ರಿ" ಎಂದಳು.

ಕಟ್ಟಿ ಹಾಕುವುದು! ಆ ಮಾತಿಗೆ ಸಭೆಯಲ್ಲಿ ಎದ್ದ ಗದ್ದಲ ಇನ್ನೂ ನನ್ನ ಕಿವಿಯಲ್ಲಿದೆ. ಒಂದು ನಾಯಿಗಾಗಿ ಕಟ್ಟಳೆ ಮುರಿದರೆ ನಾಳೆ ಆಡಿಗೆ, ನಾಡಿದ್ದು ಹೆಂಡತಿಗೆ ಎಂದರು. ಸಾಯಲಿ, ಬಿಡುಗಡೆಯಲ್ಲೇ ಸಾಯಲಿ ಎಂದರು. ಸಾಯುವುದು ಬೇರೆಯವರಾಗಿದ್ದಾಗ ಈ ಮಾತು ಎಷ್ಟು ಸಲೀಸಾಗಿ ಬರುತ್ತದೆ ನೋಡಿ. ಸುಂಕವ್ವ ಎದ್ದು ಹೊರಗೆ ಹೋದಳು. ನೀರುಬಳ್ಳಿಯ ಒಂದು ತುಂಡು ತಂದಳು. ಒಂದು ತುದಿಯನ್ನು ಅಂಬಲಿಯ ಎದೆಗೆ ಬಳಸಿ ಕಟ್ಟಿದಳು. ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೆ ಬಿಗಿದುಕೊಂಡಳು. ಹೆಂಗಸರು ಕೆಲವರು ಅತ್ತೇಬಿಟ್ಟರು. ನಮ್ಮೂರಿನಲ್ಲಿ ಮನುಷ್ಯರ ಸೊಂಟದಲ್ಲಿ ಹಗ್ಗ ಕಂಡದ್ದು ಅದೇ ಮೊದಲು.

"ನೋಡ್ರಿ," ಎಂದಳು, "ಇಲ್ಲಿ ಗೂಟ ಇಲ್ಲ, ಒಡೆಯನೂ ಇಲ್ಲ. ನಾ ಅಕಿನ್ನ ಕಟ್ಟಿಲ್ಲ. ಇಬ್ರೂ ಕಟ್ಟಿಗೊಂಡೀವಿ. ಇದಕ್ಕ ಏನಂತೀರಿ ಅನ್ರಿ."

ಸಭೆ ಅವತ್ತು ಅಲ್ಲಿಗೇ ಎದ್ದಿತು.

ಅಲ್ಲಿಂದ ಶುರುವಾದ ದಿನಗಳನ್ನು ನಾನು ನೋಡಿದ್ದೇನೆ. ಸುಂಕವ್ವ ಕೂತರೆ ಅಂಬಲಿ ಕೂರಬೇಕು. ಅಂಬಲಿ ಉಚ್ಚೆಗೆ ಎದ್ದರೆ ಸುಂಕವ್ವ ಏಳಬೇಕು. ರೊಟ್ಟಿ ಬಡಿಯುವಾಗ ನಾಯಿ ಪಕ್ಕದಲ್ಲಿ, ಮೀಯುವಾಗ ನಾಯಿ ಪಕ್ಕದಲ್ಲಿ. ಅಂಚು ಕಾಯುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿದಳು, ನಡೆದರೆ ನಾಯಿಯೂ ನಡೆಯಬೇಕಲ್ಲ. ಪರದೆ ಹರಿದ ಕಡೆಯೆಲ್ಲ ಕೂತಲ್ಲೇ ಹೊಲಿದಳು. ದಾರಿಹೋಕರು ತಮಾಷೆ ಮಾಡುತ್ತಿದ್ದರು. "ಏ ಸುಂಕಿ, ಯಾರು ಯಾರನ್ನ ಮೇಸಾಕ ಹೊಂಟೀರಿ?" ಎಂದರೆ, "ಇಕಿ ನನ್ನ ಮೇಸಾಕತ್ಯಾಳ. ಗಾಳೆಪ್ಪಗಿಂತ ಚಲೋ ನೋಡ್ಕೊತಾಳ, ಕುಡಿದು ಬರಂಗಿಲ್ಲ" ಎನ್ನುತ್ತಿದ್ದಳು. ಅಷ್ಟರಲ್ಲಿ ಉಳಿದ ನಾಯಿಗಳು ಒಂದೊಂದಾಗಿ ಹೋದವು. ಒಂದು ಗುಡಿಸಲಿನಲ್ಲಿ ಕೆಮ್ಮು ನಿಂತರೆ ಆ ಮನೆಯವರು ಗುದ್ದಲಿ ಕೇಳಿಕೊಂಡು ಬರುತ್ತಾರೆ ಎಂದರ್ಥ. ಕೊನೆಗೆ ಕೆಮ್ಮೇ ಇಲ್ಲದಾಯಿತು. ಇಡೀ ಕೆಂಗುಣಿಗೆ ಉಳಿದ ನೆಲಗಿವಿ ಒಂದೇ. ಅದು ಸುಂಕವ್ವಳ ಸೊಂಟಕ್ಕೆ ಕಟ್ಟಿಕೊಂಡು ಬದುಕುತ್ತಿತ್ತು.

ಬದುಕುತ್ತಿತ್ತು ಎಂದೆ. ನಿಜವಾಗಿ ಬದುಕುತ್ತಿತ್ತು. ಅಂಬಲಿಯ ಕೂದಲಿಗೆ ಹೊಳಪು ಬಂತು. ಕಣ್ಣು ತಿಳಿಯಾಯಿತು. ಹಕ್ಕಿ ಹಾರಿದರೆ ಕಿವಿ ನಿಗುರಿಸಿ ಹಗ್ಗ ಜಗ್ಗತೊಡಗಿದಳು. ಜನ ನೋಡಿದ್ದು ಅದನ್ನು. ಗಟ್ಟಿಮುಟ್ಟಾದ ಒಂದು ಜೀವ, ಹಗ್ಗ ಜಗ್ಗುತ್ತಿದೆ. ಒಳಗೆ ಸತ್ತ ಹುಳದ ತುಂಡುಗಳು ಇನ್ನೂ ಕರಗುತ್ತಿದ್ದದ್ದು ಯಾರ ಕಣ್ಣಿಗೂ ಕಾಣುವಂಥದ್ದಲ್ಲ. ನಾವು ಹಗ್ಗ ಕಂಡರೆ ಮಿಕ್ಕಿದ್ದನ್ನು ಕಾಣದ ಜನ.

ಹಗ್ಗ ಸುಡುವ ದಿನ ಬಂತು. ಮಧ್ಯಾಹ್ನ, ಸುಡುಬಿಸಿಲು. ಹಲಗೆಗಳು ಕಾದು ಗಣಗಣ ಎನ್ನುತ್ತಿದ್ದವು. ಮೆರವಣಿಗೆ ಪ್ರತಿ ವರ್ಷ ಬೆಂಕಿಯ ಕಡೆ ಹೋಗುತ್ತದೆ. ಈ ವರ್ಷ ಅದು ಸುಂಕವ್ವಳ ಗುಡಿಸಲ ಕಡೆ ತಿರುಗಿತು. ಯಾರೂ ಕೆಟ್ಟದ್ದು ಬಯಸಿ ತಿರುಗಲಿಲ್ಲ. ಬೆಂಕಿಗೆ ಹಾಕಲು ಹಳೆಯ ಹುರಿ ಯಾಕೆ, ನಮ್ಮ ಕಣ್ಣೆದುರಿಗೇ ನಿಜವಾದ ಹಗ್ಗ ಇರುವಾಗ ಎಂದು ಯಾರಿಗೋ ತೋಚಿತು, ಎಲ್ಲರಿಗೂ ಸರಿ ಅನ್ನಿಸಿತು. ಹೊನ್ನೂರಪ್ಪನ ಕೈಯಲ್ಲಿ ಕುಡುಗೋಲು ಇತ್ತು, ಕಣ್ಣಲ್ಲಿ ನೀರಿತ್ತು.

"ಸುಂಕವ್ವ, ತಾಯಿ, ಸಾಕವ್ವ. ನಿನ್ನ ನಾಯಿ ಆರಾಮಾಗ್ಯಾಳ. ಇವತ್ತರ ಇಬ್ರೂ ಬಿಡುಗಡೆ ಆಗ್ರಿ."

"ಬ್ಯಾಡಪೋ ಯಣ್ಣಾ! ಆರಾಮಾಗಿಲ್ಲ, ಆಗಾಕತ್ಯಾಳ. ಇನ್ನ ಒಂದು ತಿಂಗಳು, ಕಾಲು ಹಿಡಿತೀನಿ. ಈ ಹಗ್ಗ ನಂಗ ಬೇಕು!"

ಎಲ್ಲರಿಗೂ ಕೇಳಿಸಿತು. ಹಲಗೆ ನಿಲ್ಲಿಸಿಯೇ ಕೇಳಿದರು. ಕೇಳಿದ ಮೇಲೆ ಹೊನ್ನೂರಪ್ಪ ಜನರ ಕಡೆ ತಿರುಗಿ, ಎಷ್ಟೋ ಸಭೆಗಳಲ್ಲಿ ನಾವು ಹೇಳಿಕೊಂಡು ಬಂದ ಮಾತನ್ನೇ ಹೇಳಿದ: "ಕೇಳಿದ್ರೇನು? ಕಟ್ಟಿಸ್ಕೊಂಡವರು ಹಿಂಗೇ ಅಂತಾರ, ಹಗ್ಗ ಬೇಕು ಅಂತಾರ. ನಮ್ಮಜ್ಜನೂ ಮೊದಮೊದಲು ಹಂಗೇ ಅಂದಿದ್ನಂತ." ಸುಂಕವ್ವ ಅಂಬಲಿಯ ಮೇಲೆ ಬಿದ್ದು ಅಪ್ಪಿಕೊಂಡಳು. ನಾನು ನುಗ್ಗಿ ಹೋಗಿ ಅವಳ ಮುಂದೆ ನಿಂತೆ. ನನ್ನನ್ನೂ ಅವಳನ್ನೂ ಹಿಡಿದುಕೊಂಡವರು ನಮ್ಮದೇ ಅಕ್ಕತಂಗಿಯರು, ಮೆತ್ತಗೆ, ನೋವಾಗದ ಹಾಗೆ, "ಸುಮ್ನಿರವ್ವ, ಸುಮ್ನಿರು" ಎನ್ನುತ್ತ. ಕುಡುಗೋಲು ಒಂದೇ ಎಳೆತಕ್ಕೆ ಹಗ್ಗ ಕತ್ತರಿಸಿತು.

ಅಂಬಲಿ ಓಡಿದಳು. ಅದನ್ನು ಹೇಗೆ ಬರೆಯಲಿ? ಅಷ್ಟು ದಿನ ಮೈಯಲ್ಲಿ ಹಿಡಿದಿಟ್ಟಿದ್ದ ಓಟವೆಲ್ಲ ಒಮ್ಮೆಲೇ ಹೊರಬಂತು. ಮೆಟ್ಟಿಲ ಈ ತುದಿಯಿಂದ ಆ ತುದಿಗೆ, ಅಲ್ಲಿಂದ ಇಲ್ಲಿಗೆ, ಕಿವಿ ಹಿಂದಕ್ಕೆ ಬಿದ್ದು, ಕೆಂಪು ಧೂಳು ಎದ್ದು. ಹಲಗೆಗಳು ಹುಚ್ಚೆದ್ದವು. ಜನ ಕೇಕೆ ಹಾಕಿದರು. ಅಷ್ಟು ಚಂದದ ಬಿಡುಗಡೆಯನ್ನು ಕೆಂಗುಣಿ ಯಾವತ್ತೂ ನೋಡಿರಲಿಲ್ಲ. ಸುಂಕವ್ವ ಮಾತ್ರ "ಹಿಡೀರೋ, ಯಾರರ ಹಿಡೀರೋ" ಎಂದು ಎದೆ ಬಡಿದುಕೊಳ್ಳುತ್ತಿದ್ದಳು. ಅಂಬಲಿ ಕೊನೆಯ ಸುತ್ತು ಮುಗಿಸಿ ಅವಳ ಕಡೆಗೇ ಬರುತ್ತಿದ್ದಳು. ನಡುವೆ ನಿಂತಳು. ಒಮ್ಮೆ ಕೆಮ್ಮಿದಳು. ಬಾಯಿಂದ ರಕ್ತ ಬಂತು. ಉಳಿದ ದಾರಿಯನ್ನು ತೆವಳಿಕೊಂಡು ಬಂದು, ಸುಂಕವ್ವಳ ಸೊಂಟದಿಂದ ಜೋತಾಡುತ್ತಿದ್ದ ಹಗ್ಗದ ತುದಿಯ ಮೇಲೆ ಮೂತಿ ಇಟ್ಟು ಸತ್ತಳು.

ಹಲಗೆಗಳು ಒಂದೊಂದಾಗಿ ನಿಂತವು. ದೂರದಲ್ಲಿದ್ದ ಒಬ್ಬನಿಗೆ ಗೊತ್ತಾಗಿರಲಿಲ್ಲ, ಅವನದು ಬಹಳ ಹೊತ್ತು ಬಡಿಯಿತು.

ಆಮೇಲೆ ಹೊನ್ನೂರಪ್ಪ ಹಾಡಿಲ್ಲ. ಹಲಗೆಯನ್ನು ಬೋರಲು ಹಾಕಿ ಅದರ ಮೇಲೆ ಕೂರುತ್ತಾನೆ. ನಾನು ಅವನನ್ನು ಬೈದಿಲ್ಲ, ಬೈಯಲು ಏನೂ ಉಳಿದಿಲ್ಲ. ಸುಂಕವ್ವ ಕತ್ತರಿಸಿದ ಹಗ್ಗವನ್ನು ಇನ್ನೂ ಸೊಂಟದಿಂದ ಬಿಚ್ಚಿಲ್ಲ. ಬಿಚ್ಚು ಎನ್ನುವ ಧೈರ್ಯ ಕಟ್ಟಳೆಯವರಿಗೆ ಯಾರಿಗೂ ಇಲ್ಲ. ಬೆಳಗಾದರೆ ಆ ಹಗ್ಗ ಎಳೆದುಕೊಂಡು ಅಂಚಿಗೆ ಹೋಗುತ್ತಾಳೆ, ಬೋರಲು ಮಲಗಿ ನೆಲಕ್ಕೆ ಕಿವಿ ಹಚ್ಚುತ್ತಾಳೆ. ಏನಾದರೂ ಕೇಳಿಸಿತು ಅನ್ನಿಸಿದರೆ ಕೈ ಎತ್ತುತ್ತಾಳೆ. ಮೊದಲೆರಡು ಸಲ ನಾವೆಲ್ಲ ಓಡಿದೆವು, ಏನೂ ಆಗಲಿಲ್ಲ. ಐದನೆಯ ಮೆಟ್ಟಿಲು ಜಾರಿದ ದಿನ ಅವಳಿಗೆ ಏನೂ ಕೇಳಿಸಿರಲಿಲ್ಲ. ಮನುಷ್ಯರ ಕಿವಿ ಅದು, ಎಷ್ಟು ಪ್ರೀತಿಸಿದರೂ ನಾಯಿಯ ಕಿವಿ ಆಗುವುದಿಲ್ಲ. ಐದನೆಯ ಮೆಟ್ಟಿಲಿನವರು ಈಗ ಕೆಂಪು ನೀರಿನಲ್ಲಿದ್ದಾರೆ.

ಮೇಲ್ದಂಡೆಯವರು ನಮಗೆ ಒಂದು ಮಾತು ಕಳಿಸಿದ್ದಾರೆ. ಗುಣಿ ನಿಲ್ಲುವುದಿಲ್ಲ, ಮೇಲೆ ಬನ್ನಿ, ಗಟ್ಟಿ ನೆಲ ಕೊಡುತ್ತೇವೆ, ಬರುವ ಮುಂಚೆ ಕೊರಳಿಗೆ ಪಟ್ಟಿ ಕಟ್ಟಿಸಿಕೊಳ್ಳಿ, ಒಡೆಯ ಯಾರೆಂದು ನಾವೇ ಬರೆದುಕೊಳ್ಳುತ್ತೇವೆ ಎಂದು. ಹೊನ್ನೂರಪ್ಪ ಅವತ್ತು ಸಭೆಯಲ್ಲಿ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜವಾಯಿತು. ಅವನ ಮಾತು ನಿಜ, ಅಂಬಲಿಯ ಸಾವೂ ನಿಜ. ಇವೆರಡನ್ನೂ ಒಟ್ಟಿಗೆ ಎದೆಯಲ್ಲಿಟ್ಟುಕೊಂಡು ಬದುಕುವುದು ಹೇಗೆಂದು ನಮ್ಮ ಸಂಘ ನಮಗೆ ಕಲಿಸಿಲ್ಲ. ಮೇಲೆ ಹೋಗುವುದಿಲ್ಲ ಎಂದು ಸಭೆ ತೀರ್ಮಾನ ಮಾಡಿದೆ. ನಾನೂ ಹೋಗುವುದಿಲ್ಲ. ಇದನ್ನು ಧೈರ್ಯ ಎನ್ನಬೇಡಿ. ಹೋಗುವುದಕ್ಕೆ ಜಾಗ ಇಲ್ಲ.

ಹಿಂದಿನವರೇ, ಈಗ ನಿಮ್ಮ ಸರದಿ. ನೀವಿರುವ ಕಾಲದಲ್ಲಿ ಆ ಗುಳಿಗೆ ಪೇಟೆಯ ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕೆ ಧರಣಿ ಕೂರಬೇಕಿಲ್ಲ. ನಾಯಿಯ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರನ್ನು ಕೇಳಿ, ತಿಂಗಳು ತಪ್ಪದೆ ತಿನ್ನಿಸಿ. ಸೊಳ್ಳೆ ಕಮ್ಮಿಯಾಯಿತೆಂದು ನಡುವೆ ನಿಲ್ಲಿಸಬೇಡಿ. ಹೊತ್ತಿಳಿದ ಮೇಲೆ ಅದನ್ನು ಹೊರಗೆ ಬಿಡಬೇಡಿ. ಚಿಪ್ಪಿನ ನೀರು ಚೆಲ್ಲಿ. ಇಷ್ಟನ್ನು ನಿಮ್ಮ ಸೋಫಾದ ಮೇಲೆ ಮಲಗುವ ನಾಯಿಗೆ ನೀವು ಮಾಡುತ್ತಿರಬಹುದು. ನಾನು ಕೇಳುತ್ತಿರುವುದು ಗೇಟಿನ ಹೊರಗಿರುವುದರ ಮಾತು. ನಾಯಿಗೂ ಜಾತಿ ಮಾಡಿದವರು ನೀವು. ಒಳಗಿನದಕ್ಕೆ ಹೆಸರು, ಹೊರಗಿನದಕ್ಕೆ ಕಲ್ಲು. ಗೇಟಿನಾಚೆ ಒಣಕೆಮ್ಮು ಕೆಮ್ಮುತ್ತಿರುವ ಆ ಹೆಸರಿಲ್ಲದ ನಾಯಿ ನಮ್ಮ ಅಂಬಲಿಯ ಮುತ್ತಜ್ಜಿ. ಅದಕ್ಕೆ ಒಡೆಯ ಯಾರು ಎಂದು ಕೇಳಬೇಡಿ. ಕೊರಳು ನೋಡಬೇಡಿ. ಗುಳಿಗೆ ಕೊಡಿ. ಕಟ್ಟುವ ಆಸೆ ಇದ್ದರೆ ಪರದೆ ಕಟ್ಟಿ. ಹಗ್ಗವೇ ಬೇಕಾಗಿ ಬರುವಷ್ಟು ತಡ ಮಾಡಬೇಡಿ.

ನೀವು ಮಾಡುವುದಿಲ್ಲ. ನನಗೆ ಗೊತ್ತು. ಮಾಡಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ.

ಅಂಚಿನಲ್ಲಿ ಸುಂಕವ್ವ ಈಗ ತಾನೇ ಕೈ ಎತ್ತಿದ್ದಾಳೆ. ಇಲ್ಲಿಂದ ಕಾಣಿಸುತ್ತಿದೆ. ಪಕ್ಕದ ಗುಡಿಸಲಿನವಳು ಅವಳ ಕಡೆ ನೋಡಿ ಮತ್ತೆ ರೊಟ್ಟಿ ಬಡಿಯುವುದಕ್ಕೆ ತಿರುಗಿದಳು. ಯಾರೂ ಏಳುತ್ತಿಲ್ಲ. ಅವಳು ಕೈ ಇಳಿಸುತ್ತಲೂ ಇಲ್ಲ.

ಹುಲಿಗೆಮ್ಮ,
ಕೆಂಗುಣಿ